ಡ್ರಿಪ್ ಪೈಪಿನಲ್ಲಿ ಗಾಳಿ ಗುಳ್ಳೆ: ಯಾವಾಗ ಹೆದರಬೇಕು, ಯಾವಾಗ ಬೇಡ?

(ಇದು ಈ ವಾರದ ಆಡಿಯೋ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೂ, ಅಡುಗೆಮನೆಯಲ್ಲಿ ಫೋನ್ ಒರಗಿಸಿಟ್ಟು ಕೇಳ್ತಿರೋರಿಗೂ ಸ್ವಾಗತ. ಆಸ್ಪತ್ರೆಯಲ್ಲಿ ಯಾರದ್ದೋ ಪಕ್ಕ ಕೂತು, ತಲೆ ಮೇಲೆ ನೇತಾಡೋ ಗ್ಲೂಕೋಸ್ ಬಾಟಲಿಯನ್ನೇ ನೋಡ್ತಾ ಇದನ್ನ ಕೇಳ್ತಿರೋರೂ ಇರಬಹುದು. ಇವತ್ತಿನ ಮಾತು ಮುಖ್ಯವಾಗಿ ನಿಮಗೇ.

ವಿಷಯ ಇಷ್ಟೇ: ರಕ್ತನಾಳದೊಳಗೆ ಗಾಳಿ ಹೋದರೆ ಏನಾಗುತ್ತೆ? ಒಂದು ಗುಳ್ಳೆ ಹೋದ್ರೂ ಮನುಷ್ಯ ಸಾಯ್ತಾನೆ ಅಂತ ನಾವೆಲ್ಲ ಕೇಳಿದ್ದೀವಿ. ಅದು ನಿಜಾನಾ? ನಾನು ಡಾಕ್ಟರ್ ಅಲ್ಲ. ಆದರೆ ಈ ಪ್ರಶ್ನೆ ನಮ್ಮ ಮನೆಯಲ್ಲಿ ಎರಡು ಸಲ ಎದುರಾಗಿದೆ. ಒಂದು ಸಲ ಹೆದರಬಾರದ ಕಡೆ ಹೆದರಿದೆ. ಇನ್ನೊಂದು ಸಲ ಹೆದರಬೇಕಾದ ಕಡೆ ಯಾರೂ ಹೆದರಲಿಲ್ಲ. ಎರಡನ್ನೂ ಹೇಳ್ತೀನಿ.

ರಾತ್ರಿ ಎರಡು ಗಂಟೆಯ ಗುಳ್ಳೆ

ನಮ್ಮ ಅಜ್ಜಿಯ ಊರು ಕುಣಿಗಲ್ ಹತ್ತಿರದ ಒಂದು ಹಳ್ಳಿ. ನಾನು ಡಿಗ್ರಿ ಮೊದಲನೇ ವರ್ಷದಲ್ಲಿದ್ದಾಗ ಅಜ್ಜಿಗೆ ವಾಂತಿ-ಭೇದಿ ಜೋರಾಗಿ, ತುಮಕೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ವಿ. ರಾತ್ರಿ ಜೊತೆಗಿರೋ ಡ್ಯೂಟಿ ನಂದು. ವಾರ್ಡಲ್ಲಿ ಎಲ್ಲರೂ ಮಲಗಿದ್ರು. ಸುಮಾರು ಎರಡು ಗಂಟೆಗೆ ಡ್ರಿಪ್ ಪೈಪಿನೊಳಗೆ ಅವರೆಕಾಳಿನಷ್ಟು ಉದ್ದದ ಒಂದು ಗುಳ್ಳೆ ನಿಧಾನಕ್ಕೆ ಕೆಳಗೆ ಜಾರ್ತಾ ಬರ್ತಿರೋದು ಕಾಣಿಸ್ತು. ಅದು ಅಜ್ಜಿ ಕೈ ಕಡೆಗೇ ಹೊರಟಿತ್ತು.

ಎದೆ ಧಸಕ್ ಅಂತು. ಪೈಪಿನ ಮೇಲಿರೋ ಆ ಚಿಕ್ಕ ಗಾಲಿಯನ್ನ ತಿರುಗಿಸಿ ಡ್ರಿಪ್ ನಿಲ್ಲಿಸಿಬಿಟ್ಟೆ. ಸಿಸ್ಟರ್‌ನ ಕರೆಯೋಕೆ ಸಂಕೋಚ. ಗುಳ್ಳೆಯನ್ನೇ ನೋಡ್ತಾ ಕೂತೆ. ಬೆಳಗ್ಗೆ ಹೇಳಿದರಾಯ್ತು ಅನ್ನೋದು ನನ್ನ ಲೆಕ್ಕ.

ಸ್ವಲ್ಪ ಹೊತ್ತಾದ ಮೇಲೆ ಸಿಸ್ಟರ್ ರೌಂಡ್ಸಿಗೆ ಬಂದು ನೋಡಿದ್ರೆ ಡ್ರಿಪ್ ನಿಂತಿದೆ. ಮತ್ತೆ ಬಿಟ್ರೂ ಹನಿ ಬೀಳ್ತಿಲ್ಲ. ಕೈಗೆ ಚುಚ್ಚಿದ್ದ ಕ್ಯಾನುಲಾದೊಳಗೆ ರಕ್ತ ಹೆಪ್ಪುಗಟ್ಟಿತ್ತು. ಅದನ್ನ ತೆಗೆದು ಇನ್ನೊಂದು ಕೈಗೆ ಹಾಕಬೇಕಾಯ್ತು. ನೀರಿನಂಶ ಕಮ್ಮಿಯಾಗಿ ಅಜ್ಜಿಯ ನರಗಳು ಸೊರಗಿಹೋಗಿದ್ವು. ಮೂರು ಸಲ ಚುಚ್ಚಿದ ಮೇಲೆ ನರ ಸಿಕ್ತು. ಅಜ್ಜಿ ಮಾತ್ರ, “ಹೋಗ್ಲಿ ಬಿಡವ್ವ, ಮಗ ಹೆದರ್ಕೊಂಡೈತೆ” ಅಂದ್ರು. ಸಿಸ್ಟರ್ ನನ್ನ ಕಡೆ ತಿರುಗಿ, “ಗುಳ್ಳೆ ಕಂಡ್ರೆ ನನ್ನ ಕರಿ ಕಣಪ್ಪ. ನೀನೇ ತಿರುಗಿಸ್ಬೇಡ. ಅಷ್ಟಕ್ಕೆಲ್ಲ ಏನೂ ಆಗಲ್ಲ” ಅಂದ್ರು.

ಏನೂ ಆಗಲ್ಲ ಅಂದ್ರೆ ಯಾಕೆ ಆಗಲ್ಲ? ಅದನ್ನ ತಿಳ್ಕೊಳ್ಳೋಕೆ ಗುಬ್ಬಿ ಕಡೆಯ ಒಂದು ತೋಟಕ್ಕೆ ಹೋಗೋಣ.

ತೋಟದ ಮೋಟಾರು ಕಲಿಸೋ ಪಾಠ

ಗುಬ್ಬಿ ತಾಲ್ಲೂಕಿನಲ್ಲಿ ಡ್ರಿಪ್ ಅಂದ ತಕ್ಷಣ ಜನರಿಗೆ ನೆನಪಾಗೋದು ಆಸ್ಪತ್ರೆ ಅಲ್ಲ, ತೋಟ. ಅಡಿಕೆ, ತೆಂಗಿನ ಬುಡಕ್ಕೆ ಹನಿ ಹನಿ ನೀರು ಬಿಡೋ ಕಪ್ಪು ಪೈಪು. ಅಲ್ಲಿ ನಮ್ಮ ಸೋದರಮಾವನ ತೋಟ ಇದೆ. ಕೃಷಿ ಹೊಂಡದಿಂದ ಮೋಟಾರಿಟ್ಟು ನೀರು ಎತ್ತುತ್ತಾರೆ. ಕೆಲವು ದಿನ ಸ್ವಿಚ್ ಹಾಕಿದ್ರೆ ಮೋಟಾರು ಗುಯ್ ಅಂತ ತಿರುಗುತ್ತೆ, ಆದ್ರೆ ಒಂದು ತೊಟ್ಟು ನೀರೂ ಬರಲ್ಲ. ಮಾವ ದೂರದಿಂದ ಸದ್ದು ಕೇಳಿಯೇ ಹೇಳ್ತಾರೆ, “ಗಾಳಿ ಹಿಡ್ಕೊಂಡೈತೆ, ಆಫ್ ಮಾಡು”. ಆಮೇಲೆ ಬಿಂದಿಗೆಯಲ್ಲಿ ನೀರು ತಂದು ಪಂಪಿಗೆ ತುಂಬಿಸಿ, ಗಾಳಿ ಹೊರಗೆ ಬಿಟ್ಟು, ಮತ್ತೆ ಚಾಲೂ ಮಾಡ್ತಾರೆ.

ಪಂಪಿಗೆ ನೀರು ಸಿಕ್ಕರೆ ಮುಂದೆ ತಳ್ಳುತ್ತೆ. ಗಾಳಿ ಸಿಕ್ಕರೆ ಅದಕ್ಕೆ ಹಿಡಿತವೇ ಸಿಗಲ್ಲ. ಹೃದಯದ ಕಥೆಯೂ ಹೆಚ್ಚುಕಮ್ಮಿ ಇದೇ. ನಮ್ಮ ಹೃದಯದ ಬಲಭಾಗ ಮೈಯ ರಕ್ತವನ್ನೆಲ್ಲ ತಗೊಂಡು ಶ್ವಾಸಕೋಶಕ್ಕೆ ತಳ್ಳುತ್ತೆ. ಅಲ್ಲಿ ಒಮ್ಮೆಲೇ ತುಂಬಾ ಗಾಳಿ ಸೇರಿಕೊಂಡರೆ, ಹೃದಯ ಹಿಂಡಿದಾಗ ಗಾಳಿ ಸ್ಪಂಜಿನ ಹಾಗೆ ಕುಗ್ಗುತ್ತೆ, ಬಿಟ್ಟಾಗ ಹಿಗ್ಗುತ್ತೆ. ರಕ್ತ ಮುಂದೆ ಹೋಗಲ್ಲ. ರಕ್ತದ ಜೊತೆ ಗಾಳಿ ಕಲೆತು ನೊರೆಯೂ ಆಗುತ್ತೆ. ಇಂಥ ರೋಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಕೆಲವೊಮ್ಮೆ ನೀರಿನ ಗಿರಣಿ ಚಕ್ರ ತಿರುಗಿದಂಥ ಸದ್ದು ಕೇಳುತ್ತೆ ಅಂತ ವೈದ್ಯರ ಪುಸ್ತಕಗಳಲ್ಲಿದೆ. ನಮ್ಮ ಕಡೆಯವರಿಗೆ ಮಜ್ಜಿಗೆ ಕಡೆದ ಸದ್ದು ಅಂದ್ರೆ ಬೇಗ ಅರ್ಥವಾಗಬಹುದು. ಈ ಸ್ಥಿತಿಗೆ ಏರ್ ಎಂಬಾಲಿಸಂ ಅಂತ ಹೆಸರು.

ಹಾಗಾದ್ರೆ ಒಂದು ಗುಳ್ಳೆ ಹೋದ್ರೂ ಹೀಗಾಗುತ್ತಾ? ಇಲ್ಲ. ಮೂರು ಪ್ರಶ್ನೆ ಕೇಳ್ಕೊಬೇಕು. ಎಷ್ಟು ಗಾಳಿ? ಎಷ್ಟು ಬೇಗ? ಎಲ್ಲಿಗೆ?

ಎಷ್ಟು, ಎಷ್ಟು ಬೇಗ, ಎಲ್ಲಿಗೆ

ಮೊದಲು ಎಷ್ಟು ಅನ್ನೋದು. ಸಾಮಾನ್ಯ ಡ್ರಿಪ್ ಸೆಟ್‌ನಲ್ಲಿ 20 ಹನಿ ಸೇರಿದರೆ 1 ಮಿಲಿ. ಪೈಪಿನಲ್ಲಿ ಕಾಣೋ ಸಣ್ಣ ಗುಳ್ಳೆ ಒಂದೆರಡು ಹನಿಯಷ್ಟು ಇರಬಹುದು, ಅಂದ್ರೆ 1 ಮಿಲಿಯ ಹತ್ತನೇ ಒಂದು ಭಾಗ. ಇಡೀ ಪೈಪೇ ಖಾಲಿ ಇದೆ ಅಂದ್ಕೊಳ್ಳಿ. ಒಂದೂವರೆ ಮೀಟರ್ ಉದ್ದ, ಒಳಗಿನ ಅಗಲ 3 ಮಿಲಿಮೀಟರ್ ಅಂತ ಲೆಕ್ಕ ಹಾಕಿದ್ರೂ ಅದರಲ್ಲಿ ಹಿಡಿಯೋದು 10–11 ಮಿಲಿ ಗಾಳಿ, ಎರಡು ಟೀ ಚಮಚದಷ್ಟು. ದೊಡ್ಡವರ ಜೀವಕ್ಕೆ ಅಪಾಯ ತರೋ ಪ್ರಮಾಣ 200ರಿಂದ 300 ಮಿಲಿ ಅಂತ ವೈದ್ಯಕೀಯ ಪುಸ್ತಕಗಳು ಅಂದಾಜು ಮಾಡಿವೆ. ಅದೂ ಒಮ್ಮೆಲೇ ನುಗ್ಗಿದಾಗ. ಮೊದಲೇ ಹೃದಯ, ಶ್ವಾಸಕೋಶ ಸೋತವರಿಗೆ ಇದಕ್ಕಿಂತ ಕಡಿಮೆ ಗಾಳಿಯೂ ಸಾಕು.

ಎರಡನೇದು ಎಷ್ಟು ಬೇಗ ಅನ್ನೋದು. ನಿಧಾನವಾಗಿ ಸಣ್ಣ ಗುಳ್ಳೆ ಹೋದರೆ ಅದು ಹೃದಯ ದಾಟಿ ಶ್ವಾಸಕೋಶದ ಕೂದಲೆಳೆಯಂಥ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. ಅಲ್ಲಿ ರಕ್ತಕ್ಕೂ ಉಸಿರಿಗೂ ನಡುವೆ ಇರೋದು ತೆಳು ಪೊರೆ ಅಷ್ಟೇ. ಗುಳ್ಳೆಯ ಗಾಳಿ ಆ ಪೊರೆ ದಾಟಿ ಉಸಿರಿನ ಜೊತೆ ಹೊರಗೆ ಹೋಗಿಬಿಡುತ್ತೆ. ನಮ್ಮ ಅಜ್ಜಿ ಕೈಯೊಳಗೆ ಆ ಅವರೆಕಾಳು ಹೋಗಿದ್ರೆ ಅಜ್ಜಿ ಅದನ್ನ ನಿದ್ದೆಯಲ್ಲೇ ಉಸಿರಾಡಿ ಹೊರಗೆ ಬಿಡ್ತಿದ್ರು.

ಮೂರನೇದು ಎಲ್ಲಿಗೆ ಅನ್ನೋದು. ಕೈಯ ನರಕ್ಕೆ, ಅಂದ್ರೆ ಅಭಿಧಮನಿಗೆ ಹೋದ ಗುಳ್ಳೆಗೆ ಶ್ವಾಸಕೋಶ ಅನ್ನೋ ಜರಡಿ ಅಡ್ಡ ಇದೆ. ಆದ್ರೆ ಮಿದುಳಿಗೆ ಅಥವಾ ಹೃದಯದ ಸ್ವಂತ ರಕ್ತನಾಳಕ್ಕೆ ನೇರವಾಗಿ ಹೋದ್ರೆ 2–3 ಮಿಲಿ ಕೂಡ ಜೀವ ತೆಗೀಬಹುದು. ಹುಟ್ಟೋಕೆ ಮುಂಚೆ ನಮ್ಮೆಲ್ಲರ ಹೃದಯದ ಬಲ-ಎಡ ಭಾಗಗಳ ನಡುವೆ ಒಂದು ಕಿಂಡಿ ಇರುತ್ತೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳುತ್ತೆ. ಸುಮಾರು ನಾಲ್ಕು ಜನರಲ್ಲಿ ಒಬ್ಬರಿಗೆ ಅದು ಪೂರ್ತಿ ಮುಚ್ಚಿರಲ್ಲ. ಹೆಚ್ಚಿನವರಿಗೆ ಜೀವಮಾನವಿಡೀ ಇದರಿಂದ ತೊಂದರೆ ಇಲ್ಲ, ಗೊತ್ತೂ ಆಗಲ್ಲ. ಆದ್ರೆ ಗಾಳಿ ಜಾಸ್ತಿ ಹೋದಾಗ ಆ ಕಿಂಡಿಯಿಂದ ಎಡಕ್ಕೆ ದಾಟಿ ಮಿದುಳಿಗೆ ಹೋಗೋ ದಾರಿ ಅದೇ. ಅದಕ್ಕೇ ಎಳೆಗೂಸುಗಳಿಗೆ, ಹೃದಯದಲ್ಲಿ ರಂಧ್ರ ಇರೋ ಮಕ್ಕಳಿಗೆ ಡ್ರಿಪ್ ಹಾಕುವಾಗ ಸಿಸ್ಟರ್‌ಗಳು ಒಂದು ಗುಳ್ಳೆಯನ್ನೂ ಬಿಡದೆ ತಟ್ಟಿ ತಟ್ಟಿ ತೆಗೀತಾರೆ. ಮಕ್ಕಳ ವಿಷಯದಲ್ಲಿ ‘ಏನೂ ಆಗಲ್ಲ’ ಅಂತ ನಾವು ಹೇಳೋ ಹಾಗಿಲ್ಲ.

ಬಾಟಲಿ ಖಾಲಿ ಆದ್ರೆ?

“ಸಿಸ್ಟರ್, ಬಾಟ್ಲು ಖಾಲಿ ಆಯ್ತು!” ಅಂತ ಕಾರಿಡಾರಲ್ಲಿ ಓಡಿಹೋಗದೇ ಇರೋರು ನಮ್ಮಲ್ಲಿ ಯಾರಿದ್ದಾರೆ? ಬಾಟಲಿ ಮುಗಿದ ತಕ್ಷಣ ಗಾಳಿ ಸರ್ ಅಂತ ಒಳಗೆ ನುಗ್ಗುತ್ತೆ ಅನ್ನೋದು ನಮ್ಮ ಭಯ. ಆದ್ರೆ ಸ್ಟ್ಯಾಂಡಿಗೆ ನೇತುಹಾಕಿದ ಡ್ರಿಪ್ ಹರಿಯೋದು ಬರೀ ಎತ್ತರದಿಂದ. ಕೈಯ ರಕ್ತನಾಳದೊಳಗೂ ಒಂದಿಷ್ಟು ಒತ್ತಡ ಇರುತ್ತೆ. ಪೈಪಿನಲ್ಲಿ ನೀರಿನ ಮಟ್ಟ ಇಳೀತಾ ಇಳೀತಾ, ಕೈಗಿಂತ ಸ್ವಲ್ಪ ಮೇಲೆ ಬಂದು ನಿಂತುಬಿಡುತ್ತೆ. ಎಷ್ಟೋ ಸಲ ರಕ್ತವೇ ಪೈಪಿನೊಳಗೆ ವಾಪಸ್ ಬರೋದನ್ನ ನೋಡಿರ್ತೀರಿ. ನೋಡೋಕೆ ಗಾಬರಿಯಾಗುತ್ತೆ, ಆದ್ರೆ ಅದರ ಅರ್ಥ ಒಳಗಿಂದ ಹೊರಗೆ ತಳ್ಳೋ ಒತ್ತಡ ಇದೆ ಅಂತ. ಅಲ್ಲಿ ನಿಜವಾದ ತೊಂದರೆ ಅಂದ್ರೆ ರಕ್ತ ಹೆಪ್ಪುಗಟ್ಟಿ ಕ್ಯಾನುಲಾ ಕಟ್ಟಿಕೊಳ್ಳೋದು. ಆದ್ದರಿಂದ ಸಿಸ್ಟರ್‌ನ ಕರೀರಿ, ಖಂಡಿತ ಕರೀರಿ. ಡ್ರಿಪ್ ಇರೋ ಕೈಯನ್ನ ತಲೆ ಮೇಲೆ ಎತ್ತಿ ಇಟ್ಕೊಳ್ಳೋಕೆ ಬಿಡಬೇಡಿ. ಕೈ ಎದೆಯ ಮಟ್ಟಕ್ಕಿಂತ ಮೇಲೆ ಹೋದಷ್ಟೂ ಆ ಒತ್ತಡ ಕಮ್ಮಿಯಾಗುತ್ತೆ.

ಇನ್ನೊಂದು ಗಾಬರಿ, ಪ್ಲಾಸ್ಟಿಕ್ ಬಾಟಲಿಗೆ ಚುಚ್ಚಿರೋ ಸೂಜಿ. ‘ಅದರಿಂದ ಗಾಳಿ ಒಳಗೆ ಹೋಗ್ತಿದೆ’ ಅಂತ. ಹೌದು, ಹೋಗಲಿ ಅಂತಲೇ ಚುಚ್ಚೋದು. ಎಣ್ಣೆ ಡಬ್ಬಕ್ಕೆ ಎರಡು ತೂತು ಮಾಡಿದ್ರೆ ತಾನೇ ಎಣ್ಣೆ ಸರಾಗವಾಗಿ ಸುರಿಯೋದು? ಗಟ್ಟಿ ಬಾಟಲಿಯಿಂದ ನೀರು ಇಳಿಯಬೇಕಾದ್ರೆ ಆ ಜಾಗಕ್ಕೆ ಗಾಳಿ ಬರಬೇಕು. ಆ ಗುಳ್ಳೆಗಳು ಬಾಟಲಿಯೊಳಗೇ ಮೇಲಕ್ಕೆ ಹೋಗ್ತವೆ, ರೋಗಿಯ ಕಡೆಗಲ್ಲ. ಆ ಸೂಜಿಯಿಂದ ಸೋಂಕಿನ ಚಿಂತೆ ಇದ್ದೇ ಇದೆ. ಮೆತ್ತಗಿನ ಚೀಲದಂಥ ಬ್ಯಾಗ್ ಆದ್ರೆ ತಾನೇ ಕುಗ್ಗುತ್ತೆ, ಅದಕ್ಕೆ ಸೂಜಿ ಬೇಡ.

ಬಾಟಲಿಯ ಕೆಳಗೆ ಹನಿ ಬೀಳೋ ಒಂದು ಪುಟ್ಟ ಕೊಳವೆ ಇರುತ್ತಲ್ಲ, ಅದನ್ನ ಅರ್ಧ ತುಂಬಿಸಿಟ್ಟಿರ್ತಾರೆ. ಗಾಳಿಯನ್ನ ಮೇಲೆಯೇ ತಡೆಹಿಡಿಯೋ ಕಾವಲುಗಾರ ಅದು. ಅದಕ್ಕೇ ರೋಗಿಯನ್ನ ಸ್ಟ್ರೆಚರ್‌ನಲ್ಲಿ ಸ್ಕ್ಯಾನಿಂಗ್‌ಗೆ ಕರ್ಕೊಂಡು ಹೋಗುವಾಗ ಬಾಟಲಿಯನ್ನ ಹಾಸಿಗೆ ಮೇಲೆ ಅಡ್ಡ ಮಲಗಿಸಬೇಡಿ. ನೆಟ್ಟಗೆ, ಎತ್ತರದಲ್ಲಿ ಹಿಡ್ಕೊಳ್ಳಿ. ಅಡ್ಡ ಮಲಗಿಸಿದ್ರೆ ಕಾವಲುಗಾರನೂ ಮಲಗಿದ ಹಾಗೆ.

ಸಿನಿಮಾದ ಖಾಲಿ ಸಿರಿಂಜ್

ಇಷ್ಟು ಭಯ ಎಲ್ಲಿಂದ ಬಂತು? ಕಥೆಗಳದ್ದೂ ಪಾಲಿದೆ. ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ 1927ರಲ್ಲೇ ಬರೆದ ‘ಅನ್‌ನ್ಯಾಚುರಲ್ ಡೆತ್’ ಅನ್ನೋ ಪತ್ತೇದಾರಿ ಕಾದಂಬರಿಯಲ್ಲಿ ಖಾಲಿ ಸಿರಿಂಜಿನ ಗಾಳಿಯಿಂದ ಕೊಲೆ ನಡೆಯುತ್ತೆ. ಆ ಲೆಕ್ಕ ಸರಿಹೋಗಲ್ಲ ಅಂತ ಆಮೇಲೆ ಓದಿದವರು ಬೆಟ್ಟು ಮಾಡಿದ್ರು. ಆದ್ರೂ ಆ ಉಪಾಯ ಸಿನಿಮಾ, ಸೀರಿಯಲ್ ತನಕ ಬಂದು ಕೂತಿದೆ.

ಕಥೆಯಲ್ಲಷ್ಟೇ ಉಳಿದಿಲ್ಲ. 2023ರ ಆಗಸ್ಟ್‌ನಲ್ಲಿ ಕೇರಳದ ಪತ್ತನಂತಿಟ್ಟ ಜಿಲ್ಲೆಯ ಪರುಮಲದ ಆಸ್ಪತ್ರೆಯೊಂದಕ್ಕೆ ನರ್ಸ್ ವೇಷದಲ್ಲಿ ಬಂದ ಮಹಿಳೆಯೊಬ್ಬರು, ಬಾಣಂತಿಯೊಬ್ಬರಿಗೆ ಖಾಲಿ ಸಿರಿಂಜ್ ಚುಚ್ಚಲು ನೋಡಿದ ಆರೋಪದಲ್ಲಿ ಬಂಧನವಾದರು. ಬಾಣಂತಿ ಬದುಕುಳಿದರು. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ಸಣ್ಣ ಗುಳ್ಳೆ ಆಕಸ್ಮಿಕವಾಗಿ ಹೋದ್ರೆ ಹೆದರಬೇಡಿ ಅಂದ ಮಾತ್ರಕ್ಕೆ ಗಾಳಿ ಚುಚ್ಚೋದು ಆಟ ಅಂತ ಅರ್ಥ ಅಲ್ಲ. ಯಾರ ಹೃದಯದಲ್ಲಿ ಕಿಂಡಿ ಇದೆಯೋ ಹೊರಗಿಂದ ನೋಡಿ ಹೇಳೋಕಾಗಲ್ಲ.

ನಿಜವಾದ ಬಾಗಿಲು: ಕುತ್ತಿಗೆಯ ಟ್ಯೂಬು

ಈಗ ನಮ್ಮ ಮನೆಯ ಎರಡನೇ ಘಟನೆ. ಗುಬ್ಬಿ ಕಡೆ ಇರೋ ನಮ್ಮ ದೊಡ್ಡಪ್ಪನಿಗೆ ಎರಡೂ ಕಿಡ್ನಿ ಕೈಕೊಟ್ಟು, ಡಯಾಲಿಸಿಸ್ ಶುರುವಾಯ್ತು. ವಾರಕ್ಕೆ ಎರಡು ಸಲ, ಸುಮಾರು 20 ಕಿಲೋಮೀಟರ್ ಬಸ್ಸಲ್ಲಿ ತುಮಕೂರಿಗೆ. ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ ಅಂತ ಒಂದು ಚಿಕ್ಕ ಆಪರೇಷನ್ ಮಾಡ್ತಾರೆ, ಅದು ಹದಕ್ಕೆ ಬರೋಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಒಂದು ಟ್ಯೂಬು ಹಾಕಿರ್ತಾರೆ. ಹೊರಗೆ ಎರಡು ಬಾಲ, ಕೆಂಪು ಒಂದು, ನೀಲಿ ಒಂದು. ತುದಿಗೆ ಮುಚ್ಚಳ, ಮಧ್ಯೆ ಪುಟ್ಟ ಪ್ಲಾಸ್ಟಿಕ್ ಕ್ಲಿಪ್.

ಒಂದು ದಿನ ಬೆಳಗ್ಗೆ ದೊಡ್ಡಪ್ಪ ಮುಖ ತೊಳೆದು ಬಂದು ಕುರ್ಚಿ ಮೇಲೆ ಕೂತಿದ್ರು. ಟವಲ್ಲಿಗೆ ಸಿಕ್ಕಿ ನೀಲಿ ಮುಚ್ಚಳ ಕಳಚಿ ಬಿದ್ದಿತ್ತು. ದೊಡ್ಡಮ್ಮ ಅದನ್ನ ನೆಲದಿಂದ ಎತ್ತಿ, ಸೆರಗಿನಲ್ಲಿ ಒರೆಸಿ, ವಾಪಸ್ ತಿರುಗಿಸಿ ಹಾಕಿದ್ರು. ಯಾರೂ ಹೆದರಲಿಲ್ಲ. ನಾನೂ ಅಲ್ಲೇ ಇದ್ದೆ, ಕಾಫಿ ಕುಡೀತಿದ್ದೆ. ಡ್ರಿಪ್ಪಿನ ಗುಳ್ಳೆಗೆ ರಾತ್ರಿಯೆಲ್ಲ ನಿದ್ದೆಗೆಟ್ಟವನು ಈ ಮುಚ್ಚಳಕ್ಕೆ ತಲೆಯನ್ನೂ ಎತ್ತಲಿಲ್ಲ. ಡಯಾಲಿಸಿಸ್ ದಿನ ದೊಡ್ಡಮ್ಮ ಇದನ್ನ ಹೀಗೇ ಮಾತಿಗೆ ಹೇಳಿದಾಗ ಅಲ್ಲಿನ ಟೆಕ್ನಿಷಿಯನ್ ಮುಖ ಬಿಳಿಚಿಕೊಳ್ತು. “ಕ್ಲಿಪ್ ಹಾಕಿತ್ತಾ? ಮೊದಲು ಅದು ಹೇಳಿ” ಅಂದ್ರು. ಕ್ಲಿಪ್ ಹಾಕಿತ್ತು. ದೊಡ್ಡಪ್ಪ ಉಳಿದಿದ್ದು ಆ ಚಿಕ್ಕ ಕ್ಲಿಪ್ಪಿನಿಂದ.

ಯಾಕೆ ಅಷ್ಟು ಗಾಬರಿ? ಕೂತಾಗ, ನಿಂತಾಗ ಕುತ್ತಿಗೆ ಹೃದಯಕ್ಕಿಂತ ಮೇಲಿರುತ್ತೆ. ಅಲ್ಲಿನ ಅಭಿಧಮನಿಯೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಆಗಬಹುದು. ಜೋರಾಗಿ ಉಸಿರು ಎಳ್ಕೊಂಡಾಗ ಇನ್ನೂ ಕಡಿಮೆ. ಕೈಯಲ್ಲಿ ರಕ್ತ ಹೊರಗೆ ಬರುತ್ತೆ ಅಂದ್ನಲ್ಲ, ಕುತ್ತಿಗೆಯಲ್ಲಿ ಉಲ್ಟಾ. ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ ದೇಹವೇ ಗಾಳಿಯನ್ನ ಒಳಗೆ ಎಳ್ಕೊಳ್ಳುತ್ತೆ. ಒಂದು ದಪ್ಪ ಸೂಜಿಯಷ್ಟು ದಾರಿ, ಒಳಗೂ ಹೊರಗೂ ಬರೀ 5 ಸೆಂಟಿಮೀಟರ್ ನೀರಿನಷ್ಟು ಒತ್ತಡದ ವ್ಯತ್ಯಾಸ ಇದ್ದರೆ ಸೆಕೆಂಡಿಗೆ ಸುಮಾರು 100 ಮಿಲಿ ಗಾಳಿ ಹೋಗಬಲ್ಲದು ಅಂತ ಲೆಕ್ಕ ಇದೆ. ಆಗಲೇ ಹೇಳಿದ 200–300 ಮಿಲಿ ನೆನಪಿದೆಯಲ್ಲ? ಎರಡು ಮೂರು ಸೆಕೆಂಡಿನ ಮಾತು. ಡಯಾಲಿಸಿಸ್ ಟ್ಯೂಬು ಆ ಸೂಜಿಗಿಂತಲೂ ದಪ್ಪ.

ಡಯಾಲಿಸಿಸ್ ಯಂತ್ರ ನಿಮಿಷಕ್ಕೆ 200ರಿಂದ 300 ಮಿಲಿ ರಕ್ತ ಎಳೆದು ವಾಪಸ್ ಕಳಿಸುತ್ತೆ. ಅದರಲ್ಲಿ ಗಾಳಿ ಪತ್ತೆಹಚ್ಚೋ ಸೆನ್ಸರ್ ಇರುತ್ತೆ. ಗುಳ್ಳೆ ಕಂಡರೆ ಪಂಪ್ ನಿಲ್ಲಿಸಿ, ಪೈಪ್ ಅದುಮಿ, ಬೀಪ್ ಹೊಡೆಯುತ್ತೆ. ಅಂದ್ರೆ ಆಸ್ಪತ್ರೆಯಲ್ಲಿ ಕಾಯೋಕೆ ಯಂತ್ರ ಇದೆ. ಮನೆಯಲ್ಲಿ, ಬಸ್ಸಲ್ಲಿ ಕಾಯೋದು ಆ ಕ್ಲಿಪ್ ಮತ್ತು ಆ ಮುಚ್ಚಳ, ಜೊತೆಗೆ ನಾವು.

ಇದೇ ಕಾರಣಕ್ಕೆ ಕುತ್ತಿಗೆಯ ಟ್ಯೂಬು ತೆಗೆಯುವಾಗ ರೋಗಿಯನ್ನ ಕೂರಿಸಲ್ಲ. ಮಲಗಿಸಿ, ತಲೆ ಸ್ವಲ್ಪ ತಗ್ಗಿಸಿ, ಉಸಿರು ಬಿಗಿಹಿಡಿಯೋಕೆ ಹೇಳಿ ತೆಗೀತಾರೆ. ಆಮೇಲೆ ಗಾಳಿಯಾಡದ ಹಾಗೆ ಪಟ್ಟಿ ಹಾಕಿ ಅರ್ಧ ಗಂಟೆಯಷ್ಟು ಮಲಗಿರೋಕೆ ಹೇಳ್ತಾರೆ. “ಟ್ಯೂಬು ತೆಗೆದಾಯ್ತಲ್ಲ, ಎದ್ದು ಕಾಫಿ ಕುಡಿಲಿ ಬಿಡಿ” ಅಂತ ನಾವು ಅವಸರ ಮಾಡಬಾರದು.

ಒತ್ತಡ ಹಾಕಿ ತಳ್ಳಿದ ಗಾಳಿ

ಗಾಳಿ ಬೇಗ ಒಳಗೆ ಹೋಗೋ ಇನ್ನೊಂದು ದಾರಿ ಒತ್ತಡ. ‘ಸುಸ್ತು’ ಅಂದ್ರೆ ಸಾಕು, ಮನೆಗೇ ಬಂದು ಗೋಡೆಯ ಮೊಳೆಗೆ ಗ್ಲೂಕೋಸ್ ನೇತುಹಾಕಿ ಹೋಗೋರು ಕೆಲವು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಬೇಗ ಮುಗೀಲಿ ಅಂತ ಬಾಟಲಿಯನ್ನ ಕೈಯಲ್ಲಿ ಹಿಂಡೋದನ್ನ ನಾನೇ ನೋಡಿದ್ದೀನಿ. ತಾನಾಗಿ ಹರಿಯೋ ಡ್ರಿಪ್‌ನಲ್ಲಿ ನೀರು ಮುಗಿದ ಮೇಲೆ ಗಾಳಿ ನಿಲ್ಲುತ್ತೆ ಅಂದ್ನಲ್ಲ, ಹಿಂಡಿದ್ರೆ ಆ ನಿಯಮ ಮುರಿದ ಹಾಗೆ. ಬಾಟಲಿಯೊಳಗೆ ಸೇರಿರೋ ಗಾಳಿಯನ್ನ ನಾವೇ ಕೈಯಾರೆ ರಕ್ತಕ್ಕೆ ತಳ್ಳಿದಂತಾಗುತ್ತೆ. ಆಸ್ಪತ್ರೆಯಲ್ಲಿ ತುರ್ತಿಗೆ ಒತ್ತಡ ಹಾಕಿ ರಕ್ತ ಕೊಡೋದಿದ್ರೆ ಅದನ್ನ ತಿಳಿದವರು ಕಣ್ಣಿಟ್ಟು ಮಾಡ್ತಾರೆ. ನಮ್ಮ ಕೆಲಸ ಅಲ್ಲ ಅದು.

ಗ್ಯಾರೇಜಲ್ಲಿ, ಫ್ಯಾಕ್ಟರಿಯಲ್ಲಿ ಕೆಲಸ ಮಾಡೋ ಗೆಳೆಯರಿಗೆ ಒಂದು ಮಾತು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಿಂದ ಹಿಡಿದು ರಸ್ತೆ ಬದಿಯ ಪಂಚರ್ ಅಂಗಡಿವರೆಗೆ ಎಲ್ಲ ಕಡೆ ಏರ್ ಕಂಪ್ರೆಸರ್ ಇದೆ. ಬೈಕ್ ಟೈರಿಗೆ 30 ಪಿಎಸ್‌ಐ ಆಸುಪಾಸು ಸಾಕು, ಕಂಪ್ರೆಸರ್ ಟ್ಯಾಂಕಿನಲ್ಲಿ 100 ದಾಟಿರುತ್ತೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೈಕ್ ಸರ್ವಿಸ್ ಸೆಂಟರ್ ಒಂದರಲ್ಲಿ ಗೆಳೆಯನೊಬ್ಬ ತಮಾಷೆಗೆ ಅಂತ ಗುದದ್ವಾರಕ್ಕೆ ಗಾಳಿ ಬಿಟ್ಟು, 24 ವರ್ಷದ ಯುವಕನೊಬ್ಬ ಕರುಳು ಒಡೆದು ಸತ್ತ. ಅದು ರಕ್ತನಾಳದ ಗುಳ್ಳೆಯಿಂದಾದ ಸಾವಲ್ಲ. ಆದ್ರೆ ಒತ್ತಡದ ಗಾಳಿ ಮೈಯೊಳಗೆ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ. ಬಟ್ಟೆಯ ಧೂಳು ಕೊಡವೋಕೂ ಆ ಪೈಪನ್ನ ಮೈ ಕಡೆ ತಿರುಗಿಸಬೇಡಿ. ಚರ್ಮದ ಮೇಲೆ ಗಾಯ ಇದ್ರೆ ಗಾಳಿ ಅಲ್ಲಿಂದಲೂ ಒಳಗೆ ಹೋಗಬಲ್ಲದು.

ನೇತ್ರಾಣಿಗೆ ಹೋಗೋರು ಕೇಳಿ

ಹೊರಗಿಂದ ಯಾರೂ ಚುಚ್ಚದೆಯೂ ರಕ್ತದಲ್ಲಿ ಗುಳ್ಳೆ ಏಳಬಹುದು. ಈಗ ನಮ್ಮ ಹುಡುಗ್ರು, ಹುಡುಗೀರು ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡಿ ಬರ್ತಾರೆ. ಗೋಲಿ ಸೋಡಾ ನೆನಪಿಸ್ಕೊಳ್ಳಿ. ಗೋಲಿ ಒತ್ತೋವರೆಗೆ ಸೋಡಾ ತಿಳಿಯಾಗಿರುತ್ತೆ, ಒತ್ತಿದ ತಕ್ಷಣ ಬುರ್ ಅಂತ ಗುಳ್ಳೆ. ಆಳದಲ್ಲಿ ಒತ್ತಡ ಜಾಸ್ತಿ, ಉಸಿರಾಡಿದ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತೆ. ಅವಸರದಲ್ಲಿ ಮೇಲೆ ಬಂದ್ರೆ ಸೋಡಾ ಬಾಟಲಿ ತೆಗೆದ ಹಾಗೆ.

ಇನ್ನೂ ಮುಖ್ಯವಾದದ್ದು ಉಸಿರು. ಸುಮಾರು 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದಕ್ಕಿಂತ ಎರಡು ಪಟ್ಟು. ಅಲ್ಲಿ ಟ್ಯಾಂಕಿನ ಗಾಳಿಯನ್ನ ಎಳ್ಕೊಂಡು, ಉಸಿರು ಬಿಗಿಹಿಡಿದು ಮೇಲೆ ಬಂದ್ರೆ ಎದೆಯೊಳಗಿನ ಗಾಳಿ ಎರಡರಷ್ಟು ಹಿಗ್ಗುತ್ತೆ. ಶ್ವಾಸಕೋಶ ಹರಿದು ಗಾಳಿ ನೇರ ಹೃದಯದ ಎಡಭಾಗಕ್ಕೆ, ಅಲ್ಲಿಂದ ಮಿದುಳಿಗೆ. ಅಲ್ಲಿ ಅಡ್ಡ ಇರಬೇಕಾದ ಜರಡಿಯೇ ಹರಿದಿರುತ್ತೆ. ಆದ್ದರಿಂದ ತರಬೇತುದಾರರು “ಉಸಿರು ಹಿಡೀಬೇಡಿ, ಆಡ್ತಾನೇ ಇರಿ” ಅಂದಾಗ ಅದನ್ನ ವೇದವಾಕ್ಯ ಅಂತ ತಿಳ್ಕೊಳ್ಳಿ. ಡೈವ್ ಮುಗಿಸಿದ ದಿನವೇ ವಿಮಾನ ಹತ್ತಬೇಡಿ. ಒಂದು ಸಲ ಇಳಿದಿದ್ರೆ ಕನಿಷ್ಠ 12 ಗಂಟೆ, ಹಲವು ಸಲ ಇಳಿದಿದ್ರೆ 18 ಗಂಟೆ ಬಿಡಬೇಕು.

ಹಾಗಾದ್ರೆ ನಾವೇನು ಮಾಡೋದು?

ಫೋನಲ್ಲಿ ಸ್ಕ್ರೀನ್‌ಶಾಟ್ ತಗೊಳ್ಳೋರು ಈ ಭಾಗ ತಗೊಳ್ಳಿ.

ಒಂದು. ಡ್ರಿಪ್ ಪೈಪಿನಲ್ಲಿ ಸಣ್ಣ ಗುಳ್ಳೆ ಕಂಡರೆ ಸಿಸ್ಟರ್‌ಗೆ ಹೇಳಿ. ಗಾಲಿ ತಿರುಗಿಸೋದು, ಪೈಪು ಕೀಳೋದು, ಬಾಟಲಿ ಹಿಂಡೋದು ಬೇಡ. ಎಳೆಮಗು ಆಗಿದ್ರೆ ತಕ್ಷಣ ಹೇಳಿ.

ಎರಡು. ಪೈಪಿನ ಜೋಡಣೆ ಎಲ್ಲಾದರೂ ಕಳಚಿದೆಯಾ, ಸಡಿಲ ಆಗಿದೆಯಾ ಅಂತ ಆಗಾಗ ಕಣ್ಣಾಡಿಸಿ. ಗುಳ್ಳೆಗಿಂತ ಅದು ಮುಖ್ಯ.

ಮೂರು. ಮನೆಯಲ್ಲಿ ಯಾರಿಗಾದ್ರೂ ಕುತ್ತಿಗೆಯಲ್ಲಿ, ಎದೆಯಲ್ಲಿ ಟ್ಯೂಬು ಇದ್ರೆ, ಕ್ಲಿಪ್ ಹಾಕಿದೆಯಾ, ಮುಚ್ಚಳ ಬಿಗಿ ಇದೆಯಾ ಅಂತ ಬೆಳಗ್ಗೆ, ರಾತ್ರಿ ನೋಡಿ. ಟವಲು, ಸರ, ಮೊಮ್ಮಕ್ಕಳ ಕೈ ಅದಕ್ಕೆ ಸಿಗದ ಹಾಗೆ ಪಟ್ಟಿಯೊಳಗೆ ಇಡಿ. ಮನೆಯಲ್ಲಿ ಮುಚ್ಚಳ ತೆಗೀಲೇಬೇಡಿ.

ನಾಲ್ಕು. ಆ ಟ್ಯೂಬು ತೆರೆದುಕೊಂಡಿದ್ದು ಕಂಡರೆ ಮೊದಲು ಕ್ಲಿಪ್ ಒತ್ತಿ. ಕ್ಲಿಪ್ ಸಿಗದಿದ್ರೆ ಟ್ಯೂಬನ್ನ ಬೆರಳಲ್ಲಿ ಮಡಿಚಿ ಅದುಮಿ ಹಿಡೀರಿ. ಟ್ಯೂಬೇ ಕಿತ್ತು ಬಂದಿದ್ರೆ ಆ ತೂತನ್ನ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಮುಚ್ಚಿ. ಕೂತಿದ್ರೆ ಮಲಗಿಸಿ. ಎಡ ಮಗ್ಗುಲಿಗೆ, ತಲೆ ಸ್ವಲ್ಪ ತಗ್ಗಿನಲ್ಲಿ. ಅಮೆರಿಕದ ವೈದ್ಯ ಡ್ಯುರಾಂಟ್ ಮತ್ತು ಸಂಗಡಿಗರು 1947ರಲ್ಲಿ ಹೇಳಿದ ಉಪಾಯ ಇದು. ಹಾಗೆ ಮಲಗಿದ್ರೆ ಗಾಳಿ ಹೃದಯದ ಒಂದು ಮೂಲೆಗೆ ಸರಿದು, ಶ್ವಾಸಕೋಶಕ್ಕೆ ಹೋಗೋ ದಾರಿ ಬಿಡುತ್ತೆ ಅನ್ನೋದು ಅದರ ಹಿಂದಿನ ಯೋಚನೆ. ಆಸ್ಪತ್ರೆಯಲ್ಲಿದ್ದರೆ ಕೂಗಿ ಕರೀರಿ, ಮನೆಯಲ್ಲಿದ್ದರೆ 108ಕ್ಕೆ ಫೋನ್ ಮಾಡಿ.

ಐದು. ಇದ್ದಕ್ಕಿದ್ದ ಹಾಗೆ ಏದುಸಿರು, ಎದೆನೋವು, ಕೆಮ್ಮು, ತಲೆಸುತ್ತು, ಮಾತು ತೊದಲೋದು, ಒಂದು ಕಡೆ ಕೈಕಾಲು ಸೋಲೋದು, ಫಿಟ್ಸ್ ಕಂಡರೆ, ‘ಈಗ ತಾನೇ ಟ್ಯೂಬು ತೆರೆದಿತ್ತು’ ಅನ್ನೋ ಮಾತನ್ನ ಡಾಕ್ಟರಿಗೆ ಮೊದಲು ಹೇಳಿ. ಉಸಿರೇ ನಿಂತಿದ್ರೆ ಅಂಗಾತ ಮಲಗಿಸಿ ಎದೆ ಒತ್ತೋಕೆ ಶುರುಮಾಡಿ. ಆಸ್ಪತ್ರೆಯಲ್ಲಿ ಪೂರ್ತಿ ಆಕ್ಸಿಜನ್ ಕೊಡ್ತಾರೆ. ಗಾಳಿಯಲ್ಲಿ ಸುಮಾರು 78 ಭಾಗ ನೈಟ್ರೋಜನ್. ಬರೀ ಆಕ್ಸಿಜನ್ ಉಸಿರಾಡಿದ್ರೆ ಗುಳ್ಳೆಯೊಳಗಿನ ನೈಟ್ರೋಜನ್ ಬೇಗ ಹೊರಗೆ ಬಂದು ಗುಳ್ಳೆ ಕುಗ್ಗುತ್ತೆ.

ದೊಡ್ಡಪ್ಪನಿಗೆ ಈಗ ಫಿಸ್ಟುಲಾ ಹದಕ್ಕೆ ಬಂದಿದೆ, ಕುತ್ತಿಗೆಯ ಟ್ಯೂಬು ತೆಗೆದಾಯ್ತು. ಅದಿದ್ದಷ್ಟು ದಿನ ದೊಡ್ಡಮ್ಮ ರಾತ್ರಿ ದೀಪ ಆರಿಸೋ ಮುಂಚೆ ಎರಡು ಕ್ಲಿಪ್ಪನ್ನೂ ಮುಟ್ಟಿ ನೋಡ್ತಿದ್ರು. ಬಾಗಿಲು ಚಿಲಕ ಹಾಕಿದೀನಾ ಅಂತ ನೋಡ್ತಾರಲ್ಲ, ಹಾಗೆ.

ಅಜ್ಜಿ ಮೂರನೇ ದಿನಕ್ಕೆ ಕುಣಿಗಲ್‌ಗೆ ವಾಪಸ್ ಬಂದ್ರು. ಎರಡು ಕೈಯಲ್ಲೂ ನೀಲಿ ಗುರುತು. ನೋಡೋಕೆ ಬಂದೋರಿಗೆಲ್ಲ, “ಒಂದ್ ಕೈದು ಡಾಕ್ಟ್ರು ಮಾಡಿದ್ದು, ಇನ್ನೊಂದ್ ಕೈದು ನಮ್ ಹುಡುಗ ಮಾಡಿದ್ದು” ಅಂತ ತೋರಿಸ್ತಿದ್ರು. ನಿಮ್ಮ ಮನೆಯ ಅಜ್ಜಿಗೆ ಹಾಗಾಗದಿರಲಿ ಅಂತ ಇಷ್ಟೆಲ್ಲ ಹೇಳಿದೆ. ಮನೆಯಲ್ಲಿ ಡಯಾಲಿಸಿಸ್‌ನವರು ಇರೋ ಗೆಳೆಯರಿದ್ರೆ ಈ ಸಂಚಿಕೆಯನ್ನ ಅವರಿಗೆ ಕಳಿಸಿ.